ಮೇಷ್ಟ್ರಮ್ಮನ ಅರಿಶಿನ

ನಿನ್ನೆ ಸಂಜೆ ಹುಣಸೂರಿನಲ್ಲಿ ನನ್ನ ಮಗಳ ಶಿಶುವಿಹಾರದವರು ತಂದೆತಾಯಿಗಳನ್ನೆಲ್ಲ ಕೂರಿಸಿ ತಲೆಗೊಂದು ಹಾಳೆ ಕೊಟ್ಟರು. ಅಚ್ಚಿನ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಹಾಳೆಯಲ್ಲೊಂದು ಗಿಣಿ, ಗೆರೆ ಮಾತ್ರ, ಬಣ್ಣವಿಲ್ಲ. ಮೈಸೂರಿನಿಂದ ಬಂದಿದ್ದ ಜರಿಪೇಟದ ಮಹನೀಯರೊಬ್ಬರು, ಮಕ್ಕಳ ಕೈಯಲ್ಲಿ ಇಂಥ ಚಿತ್ರಕ್ಕೆ ಬಣ್ಣ ತುಂಬಿಸುತ್ತಾ ಮಾತಾಡಿಸಿದರೆ ಅವರಿಗೆ ಪದಗಳು ತಾವಾಗಿ ಬರುತ್ತವೆ, ಇದು ಹೊಚ್ಚಹೊಸ ಪದ್ಧತಿ ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲ, ನಾನೂ ತಟ್ಟಿದೆ. ಆಮೇಲೆ ಮೈಯೆಲ್ಲ ಉರಿದುಹೋಯಿತು.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿಯ ದೂರು. ಕಾಫಿ ಆರಿದ್ದರೂ ರೇಗುತ್ತೇನಂತೆ, ಸುಟ್ಟರೂ ರೇಗುತ್ತೇನಂತೆ. ಇರಬಹುದು. ಆದರೆ ಈ ಕೋಪ ಕಾಫಿಯದಲ್ಲ. ನೀವೇ ಕೇಳಿ ನೋಡಿ.

ನಾನು ಹುಡುಗನಾಗಿದ್ದಾಗ ಹಂಪಾಪುರದ ಪಕ್ಕದ ನಮ್ಮ ಹಳ್ಳಿಗೆ ಒಬ್ಬ ಮೇಷ್ಟ್ರಮ್ಮ ಬಂದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಬೋಳು ಹಣೆ, ಬಿಳಿ ಸೀರೆ. ಶಾಲೆಯಲ್ಲಿ ಚಿತ್ರದ ಪುಸ್ತಕವಿಲ್ಲ, ಬಣ್ಣದ ಕಡ್ಡಿಯಿಲ್ಲ. ಅವರು ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬದನೆಕಾಯಿ, ಎತ್ತು, ಗಿಣಿ ಬರೆಯುತ್ತಿದ್ದರು. ಪಕ್ಕದಲ್ಲಿ ತೆಂಗಿನ ಚಿಪ್ಪುಗಳ ಸಾಲು: ಒಂದರಲ್ಲಿ ಇಟ್ಟಿಗೆ ಪುಡಿ, ಒಂದರಲ್ಲಿ ಇದ್ದಿಲು, ಒಂದರಲ್ಲಿ ಒಣಗಿಸಿ ಪುಡಿಮಾಡಿದ ಎಲೆ, ಒಂದರಲ್ಲಿ ಅರಿಶಿನ. ಸುಮ್ಮನೆ ಕೈಹಾಕುವಂತಿರಲಿಲ್ಲ. "ಮೊದಲು ಮಾತು ಕೊಡು, ಆಮೇಲೆ ಬಣ್ಣ ತಗೋ" ಎನ್ನುತ್ತಿದ್ದರು. ಎತ್ತಿಗೆ ಬಣ್ಣ ಬೇಕಿದ್ದರೆ ಅದು ಯಾರ ಮನೆಯ ಎತ್ತು, ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಹೇಳಬೇಕು. ಒಮ್ಮೆ ನಾನೇ ಬರೆದ ಎತ್ತು ಕತ್ತೆಯಂತಿದೆ ಎಂದು ಎಲ್ಲರೂ ನಕ್ಕಾಗ, "ಸರಿ, ಕತ್ತೆ ಏನು ತಿನ್ನುತ್ತೆ ಹೇಳು" ಎಂದು ನನ್ನ ಮಾನ ಉಳಿಸಿದರು.

ನನ್ನ ತಂಗಿ ಪುಟ್ಟಿಗೆ ಆಗ ಐದು ವರ್ಷ. ಕಿವಿ ಚೆನ್ನಾಗಿ ಕೇಳುತ್ತಿತ್ತು. ಮಾತು ಮಾತ್ರ ಇಲ್ಲ. ಅವ್ವ ಹೊರದ ಹರಕೆಯಿಲ್ಲ. ಒಂದು ದಿನ ಮೇಷ್ಟ್ರಮ್ಮ ಹುಚ್ಚೆಳ್ಳಿನ ಹೂವು ಬರೆದರು. ಪುಟ್ಟಿ ಅರಿಶಿನದ ಚಿಪ್ಪಿಗೆ ಕೈಚಾಚಿದಳು. ಅವರು ಚಿಪ್ಪನ್ನು ಅವಳ ಮುಂದೆಯೇ ಹಿಡಿದು ಕಾದರು. ನಾವೆಲ್ಲ ಹೂವಿನ ಹೆಸರು ಕೂಗಿದೆವು, ಗದರಿಸಿ ಸುಮ್ಮನಾಗಿಸಿದರು. ಎಷ್ಟೋ ಹೊತ್ತಾದ ಮೇಲೆ ಪುಟ್ಟಿಯ ಬಾಯಿಂದ ಬಂತು: "ಉಚ್ಚೆಳ್ಳು."

ಅವ್ವ ಆವತ್ತು ಅತ್ತು, ನಕ್ಕು, ಮುದ್ದೆ ತಳ ಹಿಡಿಸಿದಳು. ಆಮೇಲೆ ಮಾತುಗಳು ಒಂದೊಂದಾಗಿ ಬಂದವು. "ಗಿಣಿ ಮೂಗು ಕೆಂಪು." "ಎತ್ತು ಉಲ್ಲು ತಿಂತದೆ." ದಿನಾ ಅಂಗೈ ಹಳದಿ ಮಾಡಿಕೊಂಡು ಮನೆಗೆ ಬರುತ್ತಿದ್ದಳು.

ಆ ಅಂಗೈ ಒಂದು ದಿನ ದೊಡ್ಡಪ್ಪನ ಕಣ್ಣಿಗೆ ಬಿತ್ತು. ಊರಿನಲ್ಲಿ ಅವನ ಮಾತಿಗೆ ಎದುರಿರಲಿಲ್ಲ. "ಯಾರವ್ವಾ ಅರಿಸಿನ ಕೊಟ್ಟೋರು?" ಎಂದು ಅಕ್ಕರೆಯಿಂದಲೇ ಕೇಳಿದ. ಹೊಸದಾಗಿ ಮಾತು ಕಲಿತ ಮಗು ಹೆಮ್ಮೆಯಿಂದ ಹೇಳಿತು: "ಮೇಷ್ಟ್ರಮ್ಮ ಕೊಟ್ರು."

ದೊಡ್ಡಪ್ಪ ಎದ್ದು ನಿಂತ. "ಗಂಡ ಸತ್ತೋಳು ರಂಗೋಲಿ ಬುಡೋದು, ನಮ್ಮ ಎಣ್ಣೈಕ್ಳಿಗೆ ಅರಿಸಿನ ಕೊಡೋದು! ಇವ್ಕೆ ನಾಳೆ ಮದ್ವೆ ಆಗೋದ್ ಬ್ಯಾಡ್ವಾ?"

"ಮಗೀಗೆ ಮಾತು ಬಂತಲ್ಲ ಭಾವ" ಎಂದಳು ಅವ್ವ, ಬಾಗಿಲ ಹಿಂದಿನಿಂದ.

"ಅಂಥ ಮಾತು ಬರ್ದಿದ್ರೂ ಅಷ್ಟೇಯ, ಬುಡು."

ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ. ದೊಡ್ಡಪ್ಪ ಊರವರನ್ನು ಕಟ್ಟಿಕೊಂಡು ಶಾಲೆಗೆ ನುಗ್ಗಿ ಚಿಪ್ಪುಗಳನ್ನು ತಿಪ್ಪೆಗೆಸೆದ. ಚಿತ್ರಗಳ ಮೇಲೆ ಕೊಡಗಟ್ಟಲೆ ನೀರು ಹುಯ್ಯಿಸಿದ. ಮೇಷ್ಟ್ರಮ್ಮ ಸೆರಗು ಬಿಗಿಹಿಡಿದು ಗೋಡೆಗೆ ಆತು ನಿಂತಿದ್ದರು. ಪುಟ್ಟಿ ನನ್ನ ಕೈ ಹಿಡಿದು ಎಲ್ಲವನ್ನೂ ನೋಡಿದಳು. ಮೇಲಿನವರಿಗೆ ದೂರು ಹೋಯಿತು, ಮೇಷ್ಟ್ರಮ್ಮನಿಗೆ ಎಲ್ಲಿಗೋ ವರ್ಗವಾಯಿತು. ಬೆತ್ತ ಹಿಡಿದ ಮೇಷ್ಟರೊಬ್ಬರು ಬಂದರು. ಪುಟ್ಟಿ ಮತ್ತೆ ಬಾಯಿ ತೆರೆಯಲಿಲ್ಲ. ಊರು ಅವಳನ್ನು ಮೂಗಿ ಎಂದಿತು. ಮೂಗಿಗೆ ಗಂಡು ಸಿಗಲಿಲ್ಲ, ಆ ಬಗ್ಗೆ ದೊಡ್ಡಪ್ಪನಿಗೆ ಯಾವ ಚಿಂತೆಯೂ ಇದ್ದಂತೆ ಕಾಣಲಿಲ್ಲ. ಅವ್ವ ಹೋದ ಮೇಲೆ ಪುಟ್ಟಿ ನಮ್ಮ ಜೊತೆಗಿದ್ದಾಳೆ. ಹೂಂ, ಊಹೂಂ, ಅಷ್ಟೇ ಅವಳ ಮಾತು.

ಹೊಚ್ಚಹೊಸ ಪದ್ಧತಿಯಂತೆ! ನಿನ್ನೆ ಮನೆಗೆ ಬಂದವನೇ ಹೆಂಡತಿಯ ಮುಂದೆ ಕೂಗಾಡಿದೆ. ದೊಡ್ಡಪ್ಪನನ್ನು ಬೈದೆ, ಊರನ್ನು ಬೈದೆ, ಪೇಟದವರನ್ನು ಬೈದೆ. ಮೇಷ್ಟ್ರಮ್ಮನ ಹೆಸರೆತ್ತಿದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪುಟ್ಟಿ ಬಾಗಿಲಿಗೆ ಬಂದು ನಿಂತಳು. ಅವಳ ತಲೆಯಲ್ಲೂ ಆಗಲೇ ಒಂದೆರಡು ನರೆಗೂದಲು ಬಂದಿವೆ. ತುಟಿ ಅಲುಗಿತು. ನಾವು ಕಾದೆವು.

"ಅಣ್ಣಾ," ಎಂದಳು, "ನಾನ್ ಯೋಳಿದ್ಕೆ ಅಲ್ವಾ ಮೇಷ್ಟ್ರಮ್ಮನ್ನ ಕಳ್ಸಿದ್ದು?"

ಇಷ್ಟು ವರ್ಷ ಅವಳಿಗೆ ಮಾತು ಮರೆತಿದೆ ಎಂದುಕೊಂಡಿದ್ದೆ.

"ಅಲ್ಲ ಕಣವ್ವಾ" ಎಂದೆ. "ನೀನ್ ಯೋಳಿದ್ದು ತಪ್ಪಲ್ಲ ಕಣವ್ವಾ." ಅವಳು ನಂಬುವವರೆಗೂ ಹೇಳುತ್ತಲೇ ಇರಬೇಕು.