ಹೆಸರು ಕೇಳದ ಹಾಳೆ

ಈ ಬೆಳಿಗ್ಗೆಯೂ ಕಂಪ್ಯೂಟರಿನ ಮುಂದೆ ಕುಳಿತು ಒಂದು ಹೊಸ ಹಾಳೆ ಬಯಸಿದೆ. ಹಾಳೆ ಬರಲಿಲ್ಲ; ಒಂದು ಪೆಟ್ಟಿಗೆ ಬಂತು. ಕಡತದ ಹೆಸರೇನು, ಎಲ್ಲಿಡಬೇಕು, ಯಾವ ಬಗೆಯದು ಎಂದು ವಿಚಾರಣೆ. ನೀವೇ ಹೇಳಿ, ಇನ್ನೂ ಒಂದಕ್ಷರ ಬರೆಯದವನು ಹೆಸರನ್ನು ಎಲ್ಲಿಂದ ತರಬೇಕು?

ಇದೇ ವಿಚಾರಣೆಯನ್ನು ನಾನು ಮೊದಲು ಎದುರಿಸಿದ್ದು ಬ್ರಹ್ಮಾವರದಲ್ಲಿ, ನಮ್ಮ ಕಚೇರಿಯ ಹೆಡ್ ಗುಮಾಸ್ತರ ಮೇಜಿನ ಮುಂದೆ. ಬಿಳಿಹಾಳೆಗಳೆಲ್ಲ ಅವರ ಬೀರುವಿನಲ್ಲಿ ಬಂದಿಯಾಗಿದ್ದವು. ಕರಡು ಬರೆಯಲು ಒಂದು ಹಾಳೆ ಕೇಳಿದರೆ ಕನ್ನಡಕದ ಮೇಲಿನಿಂದ ನೋಡಿ, "ಎಂತ ಬರಿಯೂದ್ ಅಂದೇಳಿ ಮೊದ್ಲ್ ಹೇಳ್ಕ್, ಕಾಗ್ದ ಆಮೇಲೆ" ಎನ್ನುತ್ತಿದ್ದರು. ಒಮ್ಮೆ ತಂತಮ್ಮ ಕೆಲಸಕ್ಕೆಂದು ಕಚೇರಿಗೆ ಬಂದಿದ್ದ ಆರು ಮಂದಿಯ ಎದುರೇ ಹಾಗೆಂದರು. ಆ ಆರು ಮಂದಿಯಲ್ಲಿ ನಕ್ಕವರು ಯಾರು, ನಗು ತಡೆದುಕೊಂಡವರು ಯಾರು ಎಂಬುದನ್ನು ಇಂದಿಗೂ ಹೇಳಬಲ್ಲೆ.

ತಲ್ಲೂರಿನ ನಮ್ಮ ಮನೆಯ ಪದ್ಧತಿಯೇ ಬೇರೆ. ತಿಂಗಳು ಕಳೆದ ಕ್ಯಾಲೆಂಡರ್ ಹಾಳೆಯನ್ನು ಮಗುಚಿ ಅಡುಗೆಮನೆಯ ಬಾಗಿಲಿಗೆ ತೂಗುಹಾಕುವುದು ನನ್ನಾಕೆಯ ರೂಢಿ. ಬಿಜೂರಿನಲ್ಲಿರುವ ಅವಳ ತಂಗಿ ಫೋನಿನಲ್ಲಿ ಹೇಳಿದ ಕಷಾಯದ ಅಳತೆ, ಬಸ್ಸಿನ ಹೊತ್ತು, ನನ್ನ ಮೇಲಿನ ಒಂದೆರಡು ಆಕ್ಷೇಪಣೆ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ತಿಂಗಳ ಕೊನೆಗೆ ಅದು ಒಲೆ ಸೇರುತ್ತಿತ್ತು. ಆಕ್ಷೇಪಣೆಗಳು ಮಾತ್ರ ಮುಂದಿನ ಹಾಳೆಗೆ ವರ್ಗವಾಗುತ್ತಿದ್ದವು.

ಈಗ ಆ ಹೆಡ್ ಗುಮಾಸ್ತರಿಗೆ ಎಂಬತ್ತು. ಅಭಿನಂದನೆಯ ಪುಸ್ತಿಕೆಗೆ ಒಂದು ಪುಟ ಬರೆದುಕೊಡಬೇಕೆಂದು ಅವರ ಮಗಳು ಕೇಳಿದ್ದಾಳೆ. ಅಪ್ಪ ನನ್ನ ಹೆಸರನ್ನೇ ಮೊದಲು ಹೇಳಿದರಂತೆ. ಒಲ್ಲೆನೆಂದರೆ ಮುದುಕರು ನೊಂದಾರು. ಸುಳ್ಳು ಹೊಗಳಿಕೆ ನನ್ನಿಂದಾಗದು. ಮೂರು ದಿನಗಳಿಂದ ಪೆಟ್ಟಿಗೆಯಲ್ಲಿ 'ಅಭಿನಂದನೆ' ಎಂದು ಹೆಸರು ಕೊಡುತ್ತೇನೆ, ಕೈ ಅಲ್ಲಿಗೇ ನಿಲ್ಲುತ್ತದೆ. ಹಾಗೆಂದು ಹೆಸರಿಟ್ಟ ಮೇಲೆ ಹೊಗಳಲೇಬೇಕಲ್ಲ.

ನನ್ನ ಗೊಣಗಾಟ ಕೇಳಿ ಬಂದ ನನ್ನಾಕೆ ಸೆರಗಿಗೆ ಕೈ ಒರೆಸಿಕೊಂಡು, ತಾನು ಸಾಮಾನಿನ ಪಟ್ಟಿ ಬರೆಯುವ ಸಾದಾ ಕಿಟಕಿಯನ್ನು ಪರದೆಯ ಮೇಲೆ ಒಂದೇ ಒತ್ತಿಗೆ ತೆರೆದಳು. ಬೋಳು ಬಿಳುಪು, ಯಾವ ವಿಚಾರಣೆಯೂ ಇಲ್ಲ. "ಮೊದ್ಲ್ ಬರ್ದ್ ಕಾಣಿ. ಹೆಸ್ರ್ ಆಮೇಲ್ ಇಟ್ರಾತ್ತ್. ಬ್ಯಾಡ ಅಂದ್ರೆ ಮುಚ್ಚಿ ಬಿಡಿ" ಎಂದು ಒಳಗೆ ಹೋದಳು.

ಬೇಡವಾದರೆ ಮುಚ್ಚಬಹುದೆಂಬ ಧೈರ್ಯದಿಂದ ದೂರನ್ನೇ ಬರೆದೆ: ಬೀರು, ಕನ್ನಡಕ, ಆರು ಮಂದಿ. ಅವರು ಕೊಡದ ಹಾಳೆಗಳ ಲೆಕ್ಕ ಬರೆಯುತ್ತಿದ್ದಂತೆ ಬೇರೊಂದು ದಿನ ನೆನಪಾಯಿತು. ತಂದೆ ಹಾಸಿಗೆ ಹಿಡಿದಿದ್ದಾಗ ನನಗೆ ಘಟ್ಟದ ಮೇಲಕ್ಕೆ ವರ್ಗವಾಗಿತ್ತು. ಅದನ್ನು ತಡೆಯಲು ಮನವಿ ಬರೆಯಬೇಕಿತ್ತು. ಹೆಡ್ ಗುಮಾಸ್ತರು ಏನೂ ಕೇಳದೆ ಬೀರು ತೆರೆದರು. ಒಂದು ಹಾಳೆ ಕೆಟ್ಟಿತು, ಇನ್ನೊಂದು ಕೊಟ್ಟರು. ಅದೂ ಕೆಟ್ಟಿತು, ಮೂರನೆಯದೂ ಕೆಟ್ಟಿತು. ನಾಲ್ಕನೆಯದನ್ನು ಓದಿ, ಎರಡು ಶಬ್ದ ತಿದ್ದಿ, ತಾವೇ ಸಾಹೇಬರ ಬಳಿಗೆ ಒಯ್ದರು. ವರ್ಗ ನಿಂತಿತು, ತಂದೆಯ ಕೊನೆಗಾಲಕ್ಕೆ ನಾನಿದ್ದೆ.

ಆರು ಮಂದಿಯನ್ನು ಇಷ್ಟು ವರ್ಷ ನೆನಪಿನಲ್ಲಿಟ್ಟುಕೊಂಡವನಿಗೆ ಇದೊಂದು ಹೇಗೆ ಜಾರಿಹೋಯಿತೋ.

ದೂರನ್ನು ಅಳಿಸಲಿಲ್ಲ; ಅದೂ ನಡೆದದ್ದೇ. ಅದರ ಕೆಳಗೆ ಇದನ್ನೂ ಬರೆದೆ. ಮುಚ್ಚಹೊರಟಾಗ ಕಿಟಕಿ ಮೊದಲ ಬಾರಿಗೆ, ಅದೂ ಮೆಲ್ಲಗೆ, ಉಳಿಸಿಕೊಳ್ಳಬೇಕೆ, ಹೆಸರೇನು ಎಂದು ಕೇಳಿತು. ಈಗ ಕೇಳಿದ್ದು ನ್ಯಾಯ. 'ನಾಲ್ಕು ಹಾಳೆ' ಎಂದು ಒತ್ತಿ, ಚಹಾ ಆಯಿತೇ ಎಂದು ಒಳಗೆ ಕೂಗಿದೆ.