ಹಗೇವಿನ ಬಾಯಿ ಕಾದ ಹುಲಿಗೆಮ್ಮ

ಬಂದಳಿಕೆ ಸುತ್ತಿನ ಊರುಗಳಲ್ಲಿ ಹಗೇವು ತೆಗೆಯುವುದೆಂದರೆ ಮೊದಲು ಕರೆ ಹೋಗುತ್ತಿದ್ದದ್ದು ಹುಲಿಗೆಮ್ಮನಿಗೆ. ನೆಲದೊಳಗೆ ಎರಡಾಳುದ್ದ ತೋಡಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದ ಆ ಗುಂಡಿ ವರ್ಷಗಟ್ಟಲೆ ಕಾಳು ಕಾಯುತ್ತಿತ್ತು. ಒಳಗೆ ಕಟ್ಟಿದ ಗಾಳಿ ಮಾತ್ರ ಮನುಷ್ಯರನ್ನು ಕಾಯುತ್ತಿರಲಿಲ್ಲ. ಇಳಿಯುವವನು ಅವಳ ತಮ್ಮ ಸಣ್ಣಪ್ಪ. ಅವನ ಕಂಕುಳಡಿ ಕಟ್ಟಿದ ಹಗ್ಗ ಹಿಡಿದು ಬಾಯಲ್ಲಿ ಕೂರುವವಳು ಇವಳು. 'ಕೂತದ್ದಕ್ಕೂ ಕೂಲಿಯಾ?' ಎಂದು ನಗುವವರಿದ್ದರು.

ಉತ್ತರ ಅವಳ ಎಂಟನೇ ವಯಸ್ಸಿನಲ್ಲಿತ್ತು. ಕುಬಟೂರಿನಲ್ಲಿ ಹಗೇವಿಗೆ ಇಳಿದ ಅಪ್ಪನ ಮಾತು ನಿಂತಾಗ, ಮೇಲಿದ್ದ ಚಿಕ್ಕಪ್ಪ ಹಗ್ಗ ಬಿಟ್ಟು ಹಿಂದೆಯೇ ಧುಮುಕಿದ. ಒಂದೇ ದಿನ ಎರಡು ಹೆಣ. "ಅವ್ನು ಮೇಲೇ ಇದ್ದಿದ್ರೆ ಇಬ್ರೂ ಉಳೀತಿದ್ರು" ಎಂದು ಅವ್ವ ಸಾಯುವತನಕ ಹೇಳಿದಳು. ಸಣ್ಣಪ್ಪ ಆಗ ತೊಟ್ಟಿಲಲ್ಲಿದ್ದ. ಅವನಿಗೆ ಅಪ್ಪನೆಂದರೆ ಅಕ್ಕ ಹೇಳಿದ ಕತೆ: ಕೆಂಪು ರುಮಾಲು, ನಕ್ಕರೆ ಮುಚ್ಚಿಹೋಗುವ ಕಣ್ಣು.

ರಾಜ್ಯ ಒಂದಾದ ಮರುವರ್ಷ ಪಂಚಾಕ್ಷರಪ್ಪನವರ ಮನೆಯಲ್ಲಿ ಮಗಳ ಮದುವೆಗೆಂದು ಹಗೇವು ತೆಗೆದರು. ಬಾಯಿ ತೆರೆದು ಒಂದು ದಿನ ಬಿಟ್ಟದ್ದಾಯಿತು, ಬೇವಿನ ಸೊಪ್ಪಿನ ಕಟ್ಟು ಇಳಿಸಿ ಏರಿಸಿ ಗಾಳಿ ಆಡಿಸಿದ್ದಾಯಿತು. ಕೊನೆಗೆ ಮನೆಯೊಡತಿ ರಾಜೇಶ್ವರಮ್ಮ ದಾರಕ್ಕೆ ಕಟ್ಟಿದ ಹಣತೆಯನ್ನು ಇಳಿಬಿಟ್ಟರು. ತಳ ಮುಟ್ಟಿಯೂ ದೀಪ ಉರಿದರೆ ಆಳು ಇಳಿಯಬಹುದು; ಆರಿದರೆ ಇಳಿಯುವಂತಿಲ್ಲ. ಅರ್ಧದಲ್ಲೇ ಕುಡಿ ಸಣ್ಣಗಾಯಿತು. ಮದುವೆ ಮನೆಯಲ್ಲಿ ದೀಪ ಆರುವುದುಂಟೇ? ಅಮ್ಮನವರು ಸರಕ್ಕನೆ ಮೇಲೆಳೆದುಕೊಂಡು, "ಉರೀತಾ ಐತಲ್ಲ, ಇಳೀಲಿ" ಎಂದರು. ಹುಲಿಗೆಮ್ಮ ಕಂಡಿದ್ದಳು. ಆದರೆ ಹಂದರ ಹಾಕಿದ ಮನೆಯಲ್ಲಿ ಅಂಥ ಮಾತು ಆಡಲಾರದೆ ನುಂಗಿಕೊಂಡಳು. ಶಕುನಕ್ಕೆ ಹೆದರಿದ ಇಬ್ಬರು ಹೆಂಗಸರ ಕಣ್ಣೆದುರೇ ಸಣ್ಣಪ್ಪ ಇಳಿದ.

ಒಳಗಿದ್ದವನು ಬುಟ್ಟಿ ತುಂಬುತ್ತ ಗಟ್ಟಿಯಾಗಿ ಎಣಿಸುತ್ತಿರಬೇಕು, ಬಾಯಲ್ಲಿದ್ದವಳು ಪ್ರತಿ ಎಣಿಕೆಗೂ ಓಗೊಡಬೇಕು. ಅದೇ ಅವರ ಕಟ್ಟಳೆ. ಕಾಳಿನ ಮೊದಲ ಎಣಿಕೆಗೆ 'ಒಂದು' ಎನ್ನದೆ 'ಲಾಭ' ಎನ್ನುವುದು ವಾಡಿಕೆ.

"ಲಾಭ."

"ಹೂಂ."

"ಎರಡು."

"ಹೂಂ."

ಮಧ್ಯಾಹ್ನದ ಬಿಸಿಲು. ಹಗೇವಿನಿಂದ ಹಳೆಯ ಜೋಳದ ಬೆಚ್ಚನೆಯ ಹುಳಿವಾಸನೆ ಏಳುತ್ತಿತ್ತು. ಎಣಿಕೆ ಜೋಗುಳವಾಯಿತು. ಹಂದರದ ಮಾವಿನೆಲೆಗಳು ನೀರೊಳಗಿದ್ದಂತೆ ಮೆಲ್ಲಗೆ ಅಲ್ಲಾಡಿದವು, ಹುಲಿಗೆಮ್ಮನ ರೆಪ್ಪೆ ಭಾರವಾಯಿತು. ತಾನೇ ತೊಟ್ಟಿಲ ಹಗ್ಗ ಹಿಡಿದು ಕೂತಂತೆ ಅನ್ನಿಸಿತು.

"ಒಂಬತ್ತು… ಒಂಬತ್ತು… ಒಂಬತ್ತು…"

"ಮುಂದಕ್ಕೆ ಹೇಳೋ."

"ಯಕ್ಕಾ," ದನಿ ಬಹಳ ದೂರದಿಂದ, ಬಹಳ ಸಂತೋಷದಿಂದ ಬಂತು, "ಅಪ್ಪ ಇಲ್ಲೇ ಕುಂತಾನೆ. ಕೆಂಪು ರುಮಾಲು…"

ಅವಳು ಬಾಗಿದಳು. ಕತ್ತಲೆಯಲ್ಲಿ ಏನೋ ಕೆಂಪಗೆ ಅಲುಗಿದಂತಿತ್ತು. ಒಂದೇ ಒಂದು ಸಲ ನೋಡಿಬಿಡುವ ಆಸೆ ಎದೆ ತುಂಬಿ ಬಂತು. ಚಿಕ್ಕಪ್ಪ ಯಾಕೆ ಧುಮುಕಿದನೆಂದು ಆಗ ಅರ್ಥವಾಯಿತು. ಅರ್ಥವಾದೊಡನೆ ಕಾಲನ್ನು ಚಪ್ಪಡಿಗೆ ಒತ್ತಿ ಹಗ್ಗ ಎಳೆದಳು.

ಪಂಚಾಕ್ಷರಪ್ಪನವರು ಓಡಿಬಂದವರೇ ಪಂಚೆ ಎತ್ತಿಕಟ್ಟಿ ಗುಂಡಿಗೆ ಕಾಲಿಟ್ಟರು.

"ಇಳಿದ್ರೆ ಕಾಲು ಮುರೀತೀನಿ! ಹಗ್ಗ ಹಿಡಿಯೋ!" ಹುಲಿಗೆಮ್ಮ ಗದರಿದಳು.

ಜೀವಮಾನದಲ್ಲಿ ಅವರೆದುರು 'ರೀ' ಬಿಟ್ಟು ಮಾತಾಡದ ಹೆಂಗಸು! ಯಜಮಾನರು ತೆಪ್ಪಗೆ ಹಗ್ಗ ಹಿಡಿದರು. ಅಮ್ಮನವರೂ ಹಣತೆ ಬಿಸುಟು ಕೈಹಚ್ಚಿದರು. ಮೂವರೂ ಎಳೆದ ರಭಸಕ್ಕೆ ಸಣ್ಣಪ್ಪ ಹೊರಬಂದ, ಮುಖ ನೀಲಿಗಟ್ಟಿತ್ತು. ನೀರು ಚಿಮುಕಿಸಿ, ಮೊರದಲ್ಲಿ ಗಾಳಿ ಬೀಸಿದ ಮೇಲೆ ಎಷ್ಟೋ ಹೊತ್ತಿಗೆ ಕೆಮ್ಮಿದ. ಹುಲಿಗೆಮ್ಮ ಅಲ್ಲೇ ಕೂತು ಗೊಳೋ ಎಂದು ಅತ್ತಳು.

ಅಂದಿನಿಂದ ಹಣತೆಯ ದಾರವನ್ನೂ ಅವಳೇ ಹಿಡಿದಳು. ಎಂಥ ದೊಡ್ಡ ಮನೆಯ ದೀಪವೇ ಆಗಲಿ, ಆರುವುದಾದರೆ ಆರಲೆಂದು ತಳದತನಕ ಬಿಡುತ್ತಿದ್ದಳು. ಬೈದವರು ಬೈದರು, ಕರೆಯುವುದನ್ನೇನೂ ಬಿಡಲಿಲ್ಲ.

ಸಣ್ಣಪ್ಪ ಮಾತ್ರ ಬಹಳ ದಿನ ಮುನಿಸಿಕೊಂಡಿದ್ದ. ಒಂದು ಸಂಜೆ ಉಣ್ಣುತ್ತ ಹೇಳಿದ:

"ಅಪ್ಪ ಕೈ ಚಾಚಿದ್ದ ಕಣಕ್ಕಾ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಹಿಡ್ಕಂತಿದ್ದೆ."

"ಗೊತ್ತು ಕಣೋ. ಅದ್ಕೇ ಎಳ್ದೆ."

ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಮೆಲ್ಲಗೆ ಕೇಳಿದಳು:

"ನಗ್ತಿದ್ನೇನೋ?"