ಕತ್ತಲೆ ಪಾಠದ ಟೀಚರಮ್ಮ

ಶಾಲೆಗೆ ಬಂದ ಹೊಸ ಮೇಷ್ಟರು ಮೊದಲ ಬಾರಿ ನೋಡಿದಾಗ ಟೀಚರಮ್ಮ ಸ್ಟೂಲು ಹತ್ತಿ, ಒಂದನೇ ತರಗತಿಯ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದರು. ಮಕ್ಕಳು ಕತ್ತಲಲ್ಲಿ ಕೂತು ಪ್ರಶ್ನೆ ಯೋಚಿಸಬೇಕು, ಬೆಳಕು ಬಂದಮೇಲೆ ಬರೆಯಬೇಕು; ಇದು ಅವರ ಪದ್ಧತಿ. ಪ್ರಶ್ನೆಯ ಕೊನೆಗೆ ಕೊಕ್ಕೆ, ಅದರಡಿ ಚುಕ್ಕಿ ಇಲ್ಲದಿದ್ದರೆ ಬ್ರಹ್ಮನೇ ಬಂದು ಕೇಳಿದರೂ ಉತ್ತರವಿಲ್ಲ. ಇದ್ದರೆ ಎಂಥ ಪ್ರಶ್ನೆಗೂ ಉತ್ತರ ಕೊಟ್ಟೇ ಕೊಡುತ್ತಾರೆ. "ಕಾಫಿ ಬೇಕಾ?" ಎಂದ ಮೇಷ್ಟರಿಗೂ, "ಚುಕ್ಕಿ ಕೇಳಿಸ್ಲಿಲ್ವಲ್ಲ ಮೇಷ್ಟ್ರೇ!" ಎಂದವರು. ಒಂದು ದಿನ ಮೇಷ್ಟರ ಎದುರಿಗೇ, ಟೀಚರಮ್ಮನ ಪಕ್ಕ ಕೂರುವ ಪುಟ್ಟಿ ಸ್ಲೇಟು ತೋರಿಸಿದಳು: "ಕತ್ತಲಾದ್ರೆ ಟೀಚರ್ ಕೈ ಯಾಕೆ ನಡುಗುತ್ತೆ?" ಕೊಕ್ಕೆ, ಚುಕ್ಕಿ ಎರಡೂ ಮುದ್ದಾಗಿದ್ದವು. ಟೀಚರಮ್ಮ ಸ್ಲೇಟು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದರು. ಮೇಷ್ಟರು ಮಾತು ತಿರುಗಿಸಲು ಹೊರಟರೆ ಟೀಚರಮ್ಮನೇ ತಡೆದು, "ನಂಗೆ ಭಯ ಕಣೇ, ಚಿಕ್ಕಂದಿನಿಂದ್ಲೂ" ಎಂದರು. ಈಗಲೂ ಅವರು ಒಂದನೇ ತರಗತಿಗೇ ಪಾಠ ಹೇಳುತ್ತಾರೆ. ಕಿಟಕಿಗೆ ಕಂಬಳಿ ಬಿದ್ದು ಕತ್ತಲಾದೊಡನೆ ಮಕ್ಕಳಲ್ಲಿ ಯಾರಾದರೊಬ್ಬರು ಹೋಗಿ ಅವರ ಕೈ ಹಿಡಿದುಕೊಳ್ಳುತ್ತಾರೆ.